ಅಣಬೆಯ ಹೆಸರು ಕೇಳುವವರು

ಆರಿದ್ರಾ ಮಳೆ ಹಿಡಿಯಿತು ಅಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅಣಬೆ ಫೋಟೋಗಳು ಶುರುವಾಗುತ್ತವೆ. ತೀರ್ಥಹಳ್ಳಿ ಕಡೆಯ ಅಣ್ಣ ಸೊಪ್ಪಿನಬೆಟ್ಟದಲ್ಲಿ ಕಂಡದ್ದನ್ನು ಕಳಿಸುತ್ತಾನೆ. ಸಾಗರದ ಚಿಕ್ಕಮ್ಮ ಬಚ್ಚಲು ಕೊಟ್ಟಿಗೆಯ ಹಿಂದೆ ಲಡ್ಡು ಹಿಡಿದ ಮರದ ತುಂಡಿನ ಮೇಲೆ ಎದ್ದದ್ದನ್ನು ಕಳಿಸುತ್ತಾರೆ. ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡಿರುವ ಭಾವನಿಗೆ ಗೇಟಿನ ಪಕ್ಕದ ಹುಲ್ಲಿನಲ್ಲಿ ಏನೋ ಕಂಡಿರುತ್ತದೆ. ಎಲ್ಲದರ ಕೆಳಗೂ ಒಂದೇ ಸಾಲು: "ಇದು ಯಾವ ಅಣಬೆ?" ನನಗೆ ಇದರ ಹುಚ್ಚು ಇದೆ ಅನ್ನೋದು ಎಲ್ಲರಿಗೂ ಗೊತ್ತು. ಹಾಗಾಗಿ ಉತ್ತರ ನಾನೇ ಕೊಡಬೇಕು. ಗೊತ್ತಿದ್ದರೆ ಕುಲದ ಹೆಸರು ಬರೆಯುತ್ತೇನೆ, ಪ್ರಭೇದ ಹೇಳೋಕೆ ಫೋಟೋ ಸಾಲದು ಅಂತ ಸೇರಿಸುತ್ತೇನೆ. ಎರಡು ನಿಮಿಷ ಬಿಟ್ಟು ಬರುವ ಮೆಸೇಜು ಯಾವಾಗಲೂ ಒಂದೇ. "ಅದೆಲ್ಲ ಸರಿ, ತಿನ್ನಬಹುದಾ?"

ಮೊದಲು ಇದು ನನಗೆ ಸಿಟ್ಟು ಬರಿಸುತ್ತಿತ್ತು. ಹೆಸರು ಕೇಳಿದರು, ಹೇಳಿದೆ, ಇನ್ನೇನು ಬೇಕು? ಆಮೇಲೆ ನಿಧಾನಕ್ಕೆ ಅನ್ನಿಸತೊಡಗಿತು, ಅವರು ಕೇಳುತ್ತಿರುವುದೇ ಬೇರೆ, ನಾನು ಹೇಳುತ್ತಿರುವುದೇ ಬೇರೆ. ಅವರಿಗೆ ಬೇಕಾದ್ದು ಅಡುಗೆಮನೆಯ ಉತ್ತರ. ನಾನು ಕೊಡುತ್ತಿರುವುದು ನೆಂಟಸ್ತನದ ಉತ್ತರ, ಅಂದರೆ ಈ ಅಣಬೆ ಯಾರ ಪೈಕಿ ಅನ್ನೋದು. ಎರಡಕ್ಕೂ 'ಹೆಸರು' ಅಂತಲೇ ಅನ್ನುವುದರಿಂದ ಗೊಂದಲ. ಈ ಗೊಂದಲ ನಮ್ಮ ವಾಟ್ಸಾಪ್ ಗುಂಪಿನದು ಮಾತ್ರ ಅಲ್ಲ. ಅಣಬೆಗಳಿಗೆ ಹೆಸರಿಟ್ಟವರೂ ಕಳೆದ ಇನ್ನೂರೈವತ್ತು ಚಿಲ್ಲರೆ ವರ್ಷಗಳಲ್ಲಿ ಇದೇ ತರಹದ ಜಗ್ಗಾಟದಲ್ಲಿದ್ದಾರೆ: ಕಣ್ಣಿಗೆ ಕಂಡದ್ದನ್ನು ನೋಡಿ ಗುಂಪು ಮಾಡಬೇಕಾ, ಬೆಳೆಯುವ ಜಾಗ ನೋಡಿಯಾ, ರಕ್ತಸಂಬಂಧ ನೋಡಿಯಾ?

ಅತ್ತೆಯ ಲೆಕ್ಕ

ನನ್ನ ಸೋದರತ್ತೆ ಆಗುಂಬೆ ರಸ್ತೆಯಲ್ಲಿ ತೀರ್ಥಹಳ್ಳಿ ದಾಟಿದ ಮೇಲೆ ಒಳಗೆ ಹೋಗಬೇಕಾದ ಒಂದು ಊರಿನವರು. ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಅವರ ಹಿಂದೆ ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ. ತಲೆ ಮೇಲೆ ಕಂಬಳಿಕೊಪ್ಪೆ, ಕೈಯಲ್ಲಿ ಒಂದು ಕತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಪ್ಲಾಸ್ಟಿಕ್ ಚೀಲ. ತೋಟದ ಮೇಲಿನ ಅಗಳ ದಾಟಿ ಸೊಪ್ಪಿನಬೆಟ್ಟದ ಅಂಚಿಗೆ ಬಂದಾಗ ದರೆಯ ಬುಡದಲ್ಲಿ ಬಿಳಿ ಕೊಡೆಗಳು ಸಾಲಾಗಿ ಎದ್ದಿದ್ದವು. ಕೆಲವು ಪೂರ್ತಿ ಅರಳಿದ್ದವು, ಕೆಲವು ಇನ್ನೂ ಮೊಗ್ಗು. ನಡುವೆ ಹೊಗೆಬಣ್ಣದ ಚೂಪು. ನಾನು ಕೈಹಾಕಿ ಕೀಳಲು ಹೋದರೆ ಅತ್ತೆ ತಡೆದರು. ಕತ್ತಿಯ ತುದಿಯಿಂದ ಸುತ್ತ ಮಣ್ಣು ಸಡಿಲ ಮಾಡಿ ನಿಧಾನಕ್ಕೆ ಎಳೆದರು. ಕಾಲು ಬಂತು, ಇನ್ನೂ ಬಂತು, ಮೊಳದಷ್ಟು ಉದ್ದಕ್ಕೆ ಬೇರಿನಂಥದ್ದು ಬಂತು. "ನೋಡು ಮಾರಾಯ, ಇದರ ಬುಡ ಇಲ್ಲಿಗೆ ಮುಗಿಯೂದಿಲ್ಲ. ಒರಲೆ ಮನೆ ತನಕ ಹೋಗ್ತದೆ" ಅಂದರು. ಒರಲೆ ಅಂದರೆ ಗೆದ್ದಲು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಇನ್ನೊಂದು ಬಿಳಿ ಅಣಬೆ ಇತ್ತು, ನೋಡಲು ಇದಕ್ಕಿಂತ ಚೆಂದ. ಅತ್ತೆ ಅದನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದರು. ನಾಯಿಕೊಡೆ ಅಂತ. "ಅದಕ್ಕೆ ಬೇರೆ ಹೆಸರಿಲ್ವಾ ಅತ್ತೆ?" ಅಂದೆ. "ತಿನ್ನದ್ದಕ್ಕೆ ಎಂಥ ಹೆಸರು ಮಾರಾಯ!"

ಅವರ ಲೆಕ್ಕ ಬಹಳ ಸ್ಪಷ್ಟ. ತಿನ್ನುವ ಅಣಬೆಗಳಿಗೆ ಒಂದೊಂದಕ್ಕೂ ಹೆಸರು: ಹೆಗ್ಗಾಲಣಬೆ, ನುಚ್ಚಣಬೆ, ಅಕ್ಕಿಯಣಬೆ, ಕಲ್ಲಣಬೆ. ಕಾಲಿನ ದಪ್ಪ, ಗಾತ್ರ, ಗಟ್ಟಿತನ, ಎದ್ದ ಜಾಗ ಇವೇ ಗುರುತು. ಸಾಗರ ಕಡೆ ಹೋದರೆ ಇದೇ ಹೆಸರು ಬೇರೆ ಅಣಬೆಗೆ ಇರಬಹುದು, ಘಟ್ಟ ಇಳಿದರೆ ಭಾಷೆಯೇ ಬೇರೆ. ಉಳಿದ ನೂರಾರು ಬಗೆ ಒಟ್ಟಿಗೆ ನಾಯಿಕೊಡೆ. ಅದರಲ್ಲಿ ಕೊಲ್ಲುವಂಥದ್ದೂ ಇದೆ, ಸುಮ್ನೆ ರುಚಿ ಇಲ್ಲದ್ದೂ ಇದೆ, ತಿಂದರೆ ಏನೂ ಆಗದ್ದೂ ಇದೆ. ಇದನ್ನು ಅರೆಬರೆ ತಿಳಿವಳಿಕೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ತಿನ್ನುವವರ ಮಟ್ಟಿಗೆ ಇದಕ್ಕಿಂತ ಸುರಕ್ಷಿತವಾದ ವರ್ಗೀಕರಣ ಇಲ್ಲ, ಗೊತ್ತಿದ್ದ ನಾಲ್ಕು ಬಿಟ್ಟು ಉಳಿದದ್ದೆಲ್ಲ ಕೈಬಿಡು ಅನ್ನುವ ವರ್ಗೀಕರಣ. ಆದರೆ ಇದು ಆ ಜಾಗಕ್ಕೆ ಕಟ್ಟುಬಿದ್ದದ್ದು. ಅತ್ತೆಯನ್ನು ಬೇರೆ ರಾಜ್ಯದ ಕಾಡಿಗೆ ಕರೆದುಕೊಂಡು ಹೋಗಿ ಬಿಟ್ಟರೆ ಈ ಲೆಕ್ಕ ಅಪಾಯವೂ ಆಗಬಹುದು. ಊರು ಬಿಟ್ಟು ಹೋದವರು ಅಲ್ಲಿನ ಅಣಬೆಯನ್ನು ತಮ್ಮ ಊರಿನದೇ ಅಂದುಕೊಂಡು ತಿಂದು ಆಸ್ಪತ್ರೆ ಸೇರುವುದು ಜಗತ್ತಿನ ಎಲ್ಲ ಕಡೆಯೂ ನಡೆಯುವ ಕಥೆ.

(ಅಂದು ಮಧ್ಯಾಹ್ನ ಕಡುಬು ಮತ್ತು ಅಣಬೆ ಸಾರು. ಅದರ ಬಗ್ಗೆ ಬರೆಯಲು ಹೋದರೆ ಈ ಬರಹ ಇಲ್ಲಿಗೇ ನಿಲ್ಲುತ್ತದೆ.)

ಗೆದ್ದಲ ಮನೆಯ ಹೆಸರು

ಅತ್ತೆ ಮಣ್ಣಿನಿಂದ ಎಳೆದು ತೋರಿಸಿದ ಆ ಉದ್ದ ಬೇರು ವಿಜ್ಞಾನದ ಹೆಸರಿಗೆ ಬರಲು ಬಹಳ ಕಾಲ ಬೇಕಾಯಿತು. ಹುತ್ತದ ಅಣಬೆಗಳ ಕುಲಕ್ಕೆ ಟರ್ಮಿಟೋಮೈಸಿಸ್ ಅನ್ನುತ್ತಾರೆ, ಗೆದ್ದಲಿನ ಶಿಲೀಂಧ್ರ ಅಂತಲೇ ಅರ್ಥ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಇಟ್ಟ ಹೆಸರು. ಅದಕ್ಕೂ ಮೊದಲು ಈ ಅಣಬೆಗಳಿಗೆ ಹೆಸರೇ ಇರಲಿಲ್ಲ ಅಂತಲ್ಲ. 1847ರಲ್ಲಿ ಇಂಗ್ಲೆಂಡಿನ ಬರ್ಕ್ಲೆ ಶ್ರೀಲಂಕಾದಿಂದ ಬಂದ ಮಾದರಿಯೊಂದಕ್ಕೆ ಅಗಾರಿಕಸ್ ಯೂರೈಜಸ್ ಅಂತ ಹೆಸರು ಕೊಟ್ಟಿದ್ದರು. 1871ರಲ್ಲಿ ಬರ್ಕ್ಲೆ ಮತ್ತು ಬ್ರೂಮ್ ಇಬ್ಬರೂ ಸೇರಿ, ಅದೂ ಶ್ರೀಲಂಕಾದ್ದೇ, ಪುಟಾಣಿ ಅಣಬೆಯೊಂದನ್ನು ಅಗಾರಿಕಸ್ ಮೈಕ್ರೋಕಾರ್ಪಸ್ ಅಂದರು. ಅಗಾರಿಕಸ್ ಅನ್ನುವುದು ಆಗ ಒಂದು ದೊಡ್ಡ ಗೋಣಿಚೀಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕೊಡೆಯ ಅಡಿಯಲ್ಲಿ ತೆಳು ಎಸಳುಗಳಿರುವ ಅಣಬೆಗಳನ್ನೆಲ್ಲ ಅದಕ್ಕೇ ತುಂಬಿದ್ದರು, ಎಸಳಿನ ಬದಲು ಸಣ್ಣ ತೂತುಗಳಿದ್ದರೆ ಬೊಲೀಟಸ್. ಪುಟಾಣಿ ಮೈಕ್ರೋಕಾರ್ಪಸ್ ಆಮೇಲೆ ಆ ಕುಲ ಈ ಕುಲ ಅಂತ ಓಡಾಡಿ ಕಡೆಗೆ ಹೈಮ್ ಕೈಯಲ್ಲಿ ಗೆದ್ದಲ ಮನೆ ಸೇರಿತು.

ಒಣಗಿಸಿ, ಕಾಗದದಲ್ಲಿ ಸುತ್ತಿ, ಹಡಗಿನಲ್ಲಿ ತಿಂಗಳುಗಟ್ಟಲೆ ಹೋದ ಅಣಬೆಯನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದರೆ ಕೊಡೆ ಕಾಣುತ್ತದೆ, ಎಸಳು ಕಾಣುತ್ತದೆ. ಹುತ್ತ ಎಲ್ಲಿ ಕಾಣಬೇಕು? ಹೈಮ್ ಮಾಡಿದ ದೊಡ್ಡ ಕೆಲಸ ಅಂದರೆ ಅಣಬೆಯ ಬದುಕನ್ನೇ ಅದರ ಗುರುತಾಗಿ ತೆಗೆದುಕೊಂಡದ್ದು. ಗೆದ್ದಲುಗಳು ಎಲೆ, ಕಡ್ಡಿ ತಿಂದು ಹಾಕಿದ ಹಿಕ್ಕೆಯಿಂದ ನೆಲದಡಿಯಲ್ಲಿ ರೊಟ್ಟಿನಂಥ ಗೂಡು ಕಟ್ಟುತ್ತವೆ. ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿಕೊಂಡು ತಿನ್ನುತ್ತವೆ. ಮಳೆ ಬಿದ್ದು ನೆಲ ನೆನೆದಾಗ ಆ ಗೂಡಿನಿಂದಲೇ ಕಾಲು ಮೇಲಕ್ಕೆ ಚಾಚಿ ನಮ್ಮ ದರೆಯ ಬುಡದಲ್ಲಿ ಕೊಡೆ ಬಿಚ್ಚುತ್ತದೆ. ಈ ಬೇಸಾಯ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷದ ಹಿಂದೆ ಒಮ್ಮೆ ಶುರುವಾದದ್ದು ಅಂತ ಡಿಎನ್‌ಎ ಲೆಕ್ಕ ಹೇಳುತ್ತದೆ. ಮನುಷ್ಯರಿಗೆ ಇದನ್ನು ವ್ಯಾಪಾರಕ್ಕೆ ಆಗುವಷ್ಟು ಬೆಳೆಯುವ ದಾರಿ ಇನ್ನೂ ಸಿಕ್ಕಿಲ್ಲ. ಅದಕ್ಕೇ ಮಳೆಗಾಲದಲ್ಲಿ ರಸ್ತೆ ಬದಿ ಎಲೆಯ ಮೇಲೆ ಗುಡ್ಡೆ ಹಾಕಿ ಮಾರುವವರ ಹತ್ತಿರ ಚೌಕಾಸಿ ನಡೆಯುವುದಿಲ್ಲ, ಅಲ್ವಾ.

ಪುಟಾಣಿ ಮೈಕ್ರೋಕಾರ್ಪಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಆ ಉದ್ದ ಬೇರು ಇರುವುದಿಲ್ಲ. ಗೆದ್ದಲುಗಳೇ ಗೂಡಿನ ಚೂರುಗಳನ್ನು ಹೊರಗೆ ತಂದು ನೆಲದ ಮೇಲೆ ಹರಡುತ್ತವೆ, ಅದರ ಮೇಲೆ ಅಕ್ಕಿ ಚೆಲ್ಲಿದಂತೆ ನೂರಾರು ಸಣ್ಣ ಅಣಬೆ ಏಳುತ್ತವೆ. ಇನ್ನೊಂದು ಕೊನೆಯಲ್ಲಿ ಜಾಂಬಿಯಾದ ಟರ್ಮಿಟೋಮೈಸಿಸ್ ಟೈಟಾನಿಕಸ್ ಇದೆ, 1980ರಲ್ಲಿ ಹೆಸರು ಪಡೆದದ್ದು. ಅದರ ಕೊಡೆ ಒಂದು ಮೀಟರ್ ಅಗಲ ಬೆಳೆಯಬಲ್ಲದು. ಬೆರಳುಗುರಿನಷ್ಟಿನದೂ ಮೀಟರ್ ಅಗಲದ್ದೂ ಒಂದೇ ಕುಲ. ಕಣ್ಣಿಗೆ ಬಿಟ್ಟಿದ್ದರೆ ಯಾರು ಸೇರಿಸುತ್ತಿದ್ದರು? 1979ರಲ್ಲಿ ಕೆ. ನಟರಾಜನ್ ದಕ್ಷಿಣ ಭಾರತದಿಂದ ಇನ್ನೊಂದನ್ನು ವಿವರಿಸಿ, ಹೈಮ್ ನೆನಪಿಗೆ ಟರ್ಮಿಟೋಮೈಸಿಸ್ ಹೈಮಿಯೈ ಅಂತ ಕರೆದರು. ಪಶ್ಚಿಮ ಘಟ್ಟದಲ್ಲಿ ಜನ ಖುಷಿಯಿಂದ ತಿನ್ನುವ ಅಣಬೆಗಳಲ್ಲಿ ಅದೂ ಒಂದು. ನಾವು ಒಂದೇ ಹೆಸರಿನಲ್ಲಿ ಬುಟ್ಟಿಗೆ ಹಾಕುವ ಹುತ್ತದ ಅಣಬೆಗಳಲ್ಲಿ ಹೀಗೆ ಹಲವು ಪ್ರಭೇದಗಳಿವೆ.

ಮೂಲಮನೆ ಯಾರ ಪಾಲಿಗೆ?

ಹೆಸರು ಬದಲಾಗುತ್ತಲೇ ಇರುತ್ತದೆ ಅನ್ನುವುದೇ ಬಹಳ ಜನರ ತಕರಾರು. ಗಿಡಮರದ ಹೆಸರು ಕಲಿತವರಿಗೂ ಈ ಬೇಜಾರು ಇದೆ, ಅಣಬೆಯವರಿಗೆ ಜಾಸ್ತಿ. ಆದರೆ ಬದಲಾವಣೆಗೂ ಒಂದು ಕಟ್ಟುಪಾಡು ಇದೆ. ಅದು ಗೊತ್ತಾದ ಮೇಲೆ ನನಗೆ ಬೇಜಾರು ಹೋಗಿ ಪತ್ತೇದಾರಿ ಓದಿದಂಥ ಖುಷಿ ಶುರುವಾಯಿತು.

ಗೊಬ್ಬರಗುಂಡಿಯ ಮೇಲೆ ಬೆಳಿಗ್ಗೆ ಎದ್ದು ಮಧ್ಯಾಹ್ನದ ಹೊತ್ತಿಗೆ ಕಪ್ಪು ಶಾಯಿಯಾಗಿ ಕರಗಿಹೋಗುವ ಅಣಬೆಗಳನ್ನು ನೀವು ನೋಡಿರುತ್ತೀರಿ. ಬೀಜಕ, ಅಂದರೆ ಎಸಳಿನಿಂದ ಉದುರುವ ಬೀಜದಂಥ ಪುಡಿ, ಕಪ್ಪು; ಕೊಡೆ ಕರಗುತ್ತದೆ. ಇಷ್ಟು ಎದ್ದು ಕಾಣುವ ಗುಣ ಇರುವಾಗ ಎಲ್ಲವೂ ಒಂದೇ ಕುಲ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅಂದುಕೊಂಡರು ಕೂಡ. ಕೊಪ್ರೈನಸ್ ಅನ್ನುವ ಕುಲ ಇನ್ನೂರು ವರ್ಷ ನೆಮ್ಮದಿಯಾಗಿತ್ತು. 1990ರ ದಶಕದಲ್ಲಿ ಡಿಎನ್‌ಎ ಓದತೊಡಗಿದಾಗ ಬೇರೆಯೇ ಚಿತ್ರ ಬಂತು. ಕೊಪ್ರೈನಸ್ ಕೊಮಾಟಸ್ ಅನ್ನುವ ಎತ್ತರದ, ಬಿಳಿ ಸಿಪ್ಪೆ ಎದ್ದ ಅಣಬೆ ನಾವು ಅಂಗಡಿಯಲ್ಲಿ ಕೊಳ್ಳುವ ಬಟನ್ ಅಣಬೆಯ ಹತ್ತಿರದ ನೆಂಟ. ಉಳಿದ ಹೆಚ್ಚಿನ ಶಾಯಿ ಅಣಬೆಗಳು ಬೇರೊಂದು ಕುಟುಂಬದವು. ಕರಗುವ ಗುಣ ಬೇರೆ ಬೇರೆ ಕವಲುಗಳಲ್ಲಿ ಬಂದಿತ್ತು. ಹಾಗಾದರೆ ಕೊಪ್ರೈನಸ್ ಅನ್ನುವ ಹೆಸರು ಯಾರಿಗೆ?

ಊರಲ್ಲಿ ಹಿಸ್ಸೆ ಆದಾಗ ಮನೆತನದ ಹೆಸರು ಮೂಲಮನೆ ಯಾರ ಪಾಲಿಗೆ ಬಂತೋ ಅವರ ಜೊತೆ ಉಳಿಯುತ್ತದಲ್ಲ, ಇಲ್ಲೂ ಹಾಗೆಯೇ. ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದ ಇರುತ್ತದೆ, ಪ್ರತಿ ಪ್ರಭೇದಕ್ಕೂ ಸಾಮಾನ್ಯವಾಗಿ ಎಲ್ಲೋ ಒಂದು ಸಂಗ್ರಹಾಲಯದಲ್ಲಿ ಒಣಗಿಸಿಟ್ಟ ಮಾದರಿ. ಹೆಸರು ಅದಕ್ಕೆ ಅಂಟಿರುತ್ತದೆ. ಕೊಪ್ರೈನಸ್‌ನ ಮಾದರಿ ಪ್ರಭೇದ ಕೊಮಾಟಸ್. ಹಾಗಾಗಿ ಬೆರಳೆಣಿಕೆಯ ನೆಂಟರ ಜೊತೆ ಅದು ಹೆಸರು ತೆಗೆದುಕೊಂಡು ಆಚೆ ಹೋಯಿತು. ಸಂಖ್ಯೆಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದ್ದವು ಬರಿಗೈ ಆದವು. ಅವಕ್ಕೆ 2001ರಲ್ಲಿ ಕೊಪ್ರಿನಾಪ್ಸಿಸ್, ಕೊಪ್ರಿನೆಲ್ಲಸ್, ಪ್ಯಾರಸೋಲಾ ಅಂತ ಹಂಚಿದರು. ಆಗ ದೊಡ್ಡ ಗಲಾಟೆಯೇ ಆಯಿತು. ಬಳಕೆಯಲ್ಲಿದ್ದ ಹೆಸರನ್ನು ಬಹುಮತಕ್ಕೆ ಉಳಿಸಿಕೊಡಿ ಅನ್ನುವ ವಾದವೂ ಬಂತು, ನಡೆಯಲಿಲ್ಲ. ನನ್ನ ಪ್ರಕಾರ ಆದದ್ದೇ ಸರಿ. ಬಹುಮತದಿಂದ ಹೆಸರು ಕೊಡುವುದಾದರೆ ನಾಳೆ ಇನ್ನೊಂದು ನೂರು ಪ್ರಭೇದ ಸಿಕ್ಕಾಗ ಮತ್ತೆ ಎಣಿಸಬೇಕಾಗುತ್ತದೆ.

ಇನ್ನೂ ಒಂದು ತಮಾಷೆ ಇತ್ತು, ಈಗ ಹೋಯಿತು. ಬೂಸ್ಟಿನಂಥ ಎಷ್ಟೋ ಶಿಲೀಂಧ್ರಗಳಿಗೆ ಅಧಿಕೃತವಾಗಿಯೇ ಎರಡು ಹೆಸರು. ಲೈಂಗಿಕವಾಗಿ ಬೀಜಕ ಬಿಡುವ ಹಂತಕ್ಕೆ ಒಂದು, ಅಲೈಂಗಿಕ ಹಂತಕ್ಕೆ ಇನ್ನೊಂದು. ಎರಡೂ ಒಂದೇ ಜೀವಿ ಅಂತ ಗೊತ್ತಾದ ಮೇಲೂ ಎರಡೂ ಹೆಸರು ನಡೆಯುತ್ತಿದ್ದವು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರ ಮಹಾಸಭೆ ಅದನ್ನು ನಿಲ್ಲಿಸಿತು. ಅದೇ ಸಭೆಯಲ್ಲಿ ನಿಯಮಾವಳಿಯ ತಲೆಬರಹವೂ ಬದಲಾಯಿತು. ಅಲ್ಲಿಯವರೆಗೆ ಬರೀ ಸಸ್ಯಗಳ ಹೆಸರಿನಲ್ಲಿದ್ದದ್ದು ಪಾಚಿ, ಶಿಲೀಂಧ್ರ ಮತ್ತು ಸಸ್ಯಗಳ ನಿಯಮಾವಳಿ ಆಯಿತು. ಲ್ಯಾಟಿನ್‌ನಲ್ಲೇ ವಿವರಣೆ ಬರೆಯಬೇಕು ಅನ್ನುವುದು 2012ರಿಂದ ಹೋಯಿತು, ಇಂಗ್ಲಿಷ್ ಆದರೂ ಸಾಕು. 2013ರಿಂದ ಹೊಸ ಶಿಲೀಂಧ್ರಕ್ಕೆ ಹೆಸರಿಟ್ಟರೆ ನೋಂದಣಿ ಸಂಖ್ಯೆ ಕಡ್ಡಾಯ. ಅಣಬೆ ಗಿಡ ಅಲ್ಲ, ಅದಕ್ಕೇ ಒಂದು ಸಾಮ್ರಾಜ್ಯ ಬೇಕು ಅಂತ ಅಮೆರಿಕದ ಜೀವವಿಜ್ಞಾನಿ ವಿಟೇಕರ್ 1969ರಲ್ಲೇ ಐದು ಸಾಮ್ರಾಜ್ಯಗಳ ಪಟ್ಟಿ ಕೊಟ್ಟಿದ್ದರು. ಅದು ತಲೆಬರಹಕ್ಕೆ ಬರಲು ನಲವತ್ತು ವರ್ಷದ ಮೇಲಾಯಿತು. ಸರ್ಕಾರಿ ಕಡತವೂ ಇಷ್ಟು ನಿಧಾನ ಇರಲಿಕ್ಕಿಲ್ಲ.

ಪಾತ್ರೆಯಡಿಯ ಬಣ್ಣ

ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಯವರು ಒಂದು ಸಂಜೆ ದೊಡ್ಡ ಬಿಳಿ ಅಣಬೆಯೊಂದನ್ನು ಪೇಪರಿನಲ್ಲಿ ಸುತ್ತಿ ತಂದರು. ಪಾರ್ಕಿನ ಹುಲ್ಲಿನಲ್ಲಿ ಸುತ್ತಾಗಿ ಎದ್ದಿದ್ದವಂತೆ. ಅಂಗೈಗಿಂತ ಅಗಲ, ಮೇಲೆ ಕಂದು ಸಿಪ್ಪೆ, ಕಾಲಿಗೆ ಬಳೆ. "ಊರ ಕಡೆ ಇಂಥದ್ದೇ ತಿಂದಿದೀವಿ ಸಾರ್, ಹೆಗ್ಗಾಲಣಬೆ ತರ ಇಲ್ವಾ?" ಅಂದರು. ಎಸಳು ಇನ್ನೂ ಬಿಳಿಯೇ ಇತ್ತು. ಆದರೆ ಕಾಲು ನೆಲದ ಮಟ್ಟಕ್ಕೇ ಗಡ್ಡೆಯಾಗಿ ಮುಗಿದಿತ್ತು, ಕೆಳಕ್ಕೆ ಬೇರಿನ ಸುದ್ದಿಯೇ ಇಲ್ಲ. ಒಂದು ರಾತ್ರಿ ತಡೆಯಿರಿ ಅಂತ ಹೇಳಿ ಕಾಲು ಕತ್ತರಿಸಿ ಕೊಡೆಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೊಂದು ಸ್ಟೀಲ್ ಪಾತ್ರೆ ಮುಚ್ಚಿ ಇಟ್ಟೆವು. ಮನೆಯಲ್ಲಿ ಎಲ್ಲರಿಗೂ ಅಡುಗೆಮನೆ ಕಟ್ಟೆ ಖಾಲಿ ಬೇಕಿತ್ತು, ಆದರೂ ಬಿಟ್ಟುಕೊಟ್ಟರು. ಬೆಳಿಗ್ಗೆ ತೆಗೆದರೆ ಹಾಳೆಯ ಮೇಲೆ ಎಸಳಿನ ಗೆರೆ ಗೆರೆಯಾಗಿ ಬೂದು ಮಿಶ್ರಿತ ಹಸಿರು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. "ಹೋಗ್ಲಿ ಬಿಡಿ ಸಾರ್, ಕೋಳಿ ತರ್ತೀನಿ" ಅಂದು ಹೊರಟರು.

ಅದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹಿಡಿದು ಸುಸ್ತು ಮಾಡಿಬಿಡುತ್ತದೆ. ಹುತ್ತದ ಅಣಬೆಯದಾಗಿದ್ದರೆ ಹಾಳೆಯ ಮೇಲೆ ತಿಳಿ ಗುಲಾಬಿ ಬರಬೇಕಿತ್ತು. ಬೀಜಕದ ಬಣ್ಣ ನೋಡುವ ಈ ಉಪಾಯವನ್ನು ವರ್ಗೀಕರಣದ ಬೆನ್ನೆಲುಬು ಮಾಡಿದವರು ಸ್ವೀಡನ್ನಿನ ಎಲಿಯಾಸ್ ಫ್ರೀಸ್, 1821ರಿಂದ. ಬಿಳಿ, ಗುಲಾಬಿ, ಕಂದು, ಕಪ್ಪುನೇರಳೆ, ಕಪ್ಪು ಅಂತ ಸಾಲು ಮಾಡಿ ಅಗಾರಿಕಸ್ ಅನ್ನುವ ಆ ದೊಡ್ಡ ಗುಂಪನ್ನು ಒಳಗೊಳಗೇ ಭಾಗ ಮಾಡಿದರು. ಸೂಕ್ಷ್ಮದರ್ಶಕ ಬೇಡ, ಒಂದು ಹಾಳೆ ಸಾಕು. ಅವರ ಹೆಸರುಗಳಿಗೆ ಇವತ್ತಿಗೂ ನಿಯಮಾವಳಿಯಲ್ಲಿ ವಿಶೇಷ ರಕ್ಷಣೆ ಇದೆ. ಹಸಿರು ಮಾತ್ರ ಅವರ ಸಾಲಿನಲ್ಲಿ ಇರಲಿಲ್ಲ. 1898ರಲ್ಲಿ ಇಂಗ್ಲೆಂಡಿನ ಮ್ಯಾಸಿ ಹಸಿರು ಬೀಜಕದ ಈ ಅಣಬೆಗೆ ಕ್ಲೋರೋಫಿಲಮ್ ಅನ್ನುವ ಪ್ರತ್ಯೇಕ ಕುಲ ಮಾಡಿದರು. ಹಸಿರೇ ಆ ಕುಲದ ಗುರುತು. 2002ರಲ್ಲಿ ಡಿಎನ್‌ಎ ನೋಡಿ ಅದೇ ಕುಲಕ್ಕೆ ಬಿಳಿ ಬೀಜಕದ ಅಣಬೆಗಳನ್ನೂ ಸೇರಿಸಿದರು! ನೆಂಟಸ್ತನ ಹಾಗಿತ್ತು, ಏನು ಮಾಡುವುದು. ಹೆಸರು ಹಸಿರಿನದು, ಒಳಗೆ ಬಿಳಿಯವರೂ ಇದ್ದಾರೆ.

ಇಲ್ಲಿಗೆ ನನ್ನ ಮೊದಲ ತಕರಾರು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಕುಲದ ಹೆಸರು ಹೇಳಿದರೆ ತಿನ್ನಬಹುದೋ ಇಲ್ಲವೋ ಗೊತ್ತಾಗುವುದಿಲ್ಲ, ಯಾಕೆಂದರೆ ವಿಷ ನೆಂಟಸ್ತನದ ದಾರಿಯಲ್ಲೇ ಹೋಗಬೇಕು ಅಂತ ಇಲ್ಲ. ಅಮಾನಿಟಾ ಕುಲದಲ್ಲಿ ಯುರೋಪಿನಲ್ಲಿ ರೋಮನ್ನರ ಕಾಲದಿಂದ ರಾಜಭೋಜನ ಅನ್ನಿಸಿಕೊಂಡ ಅಮಾನಿಟಾ ಸಿಸೇರಿಯಾ ಇದೆ. ಅದೇ ಕುಲದಲ್ಲಿ ಅಮಾನಿಟಾ ಫ್ಯಾಲಾಯ್ಡಿಸ್ ಕೂಡ ಇದೆ. ಜಗತ್ತಿನಲ್ಲಿ ಅಣಬೆ ತಿಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಅದು. ತಿಂದು ಆರು ಗಂಟೆಯೋ ಅದಕ್ಕೂ ಹೆಚ್ಚೋ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ, ನಡುವೆ ಒಂದು ದಿನ ಗುಣವಾದಂತೆ ಅನ್ನಿಸುತ್ತದೆ, ಅಷ್ಟರಲ್ಲಿ ಪಿತ್ತಜನಕಾಂಗ ಹಾಳಾಗಿರುತ್ತದೆ. ಅದೇ ವಿಷ ಗ್ಯಾಲರಿನಾ, ಲೆಪಿಯೋಟಾ ಕುಲಗಳ ಕೆಲವು ಪ್ರಭೇದಗಳಲ್ಲೂ ಇದೆ, ಅವು ಅಮಾನಿಟಾದ ಹತ್ತಿರದ ನೆಂಟರೇನಲ್ಲ. ಹುಳ ತಿಂದದ್ದನ್ನು ನಾವೂ ತಿನ್ನಬಹುದು, ಅರಿಶಿನ ಹಾಕಿ ಕುದಿಸಿದರೆ ವಿಷ ಇದ್ದರೆ ಬಣ್ಣ ತಿರುಗುತ್ತದೆ, ಬೆಳ್ಳಿ ಕಪ್ಪಾಗುತ್ತದೆ ಅನ್ನುವ ಮಾತೆಲ್ಲ ಜೀವಕ್ಕೆ ಕುತ್ತು ತರುವಂಥವು. ಮೊಬೈಲಿನಲ್ಲಿ ಫೋಟೋ ತೆಗೆದರೆ ಹೆಸರು ಹೇಳುವ ಆಪ್‌ಗಳು ಬಂದಮೇಲೆ ನನಗೆ ಹೆದರಿಕೆ ಜಾಸ್ತಿಯಾಗಿದೆ. ಆಪ್ ನೋಡುವುದು ಕೊಡೆಯ ಮೇಲ್ಭಾಗ. ಬುಡ ಮಣ್ಣಿನಲ್ಲಿ ಹೇಗಿತ್ತು, ಹಾಳೆಯ ಮೇಲೆ ಯಾವ ಬಣ್ಣ ಬಿತ್ತು ಅದಕ್ಕೆ ಗೊತ್ತಿಲ್ಲ. ಆದರೂ ಶೇಕಡಾ ಲೆಕ್ಕದಲ್ಲಿ ಧೈರ್ಯವಾಗಿ ಹೇಳುತ್ತದೆ.

ತೋಟದ ಬುಡಕ್ಕೆ ಬಂದಾಗ

ಹೆಸರಿನ ಜಗಳವೆಲ್ಲ ಓದಿಕೊಂಡವರ ಕಾಲಹರಣ ಅನ್ನುವವರನ್ನು ನಾನು ಅಡಿಕೆ ತೋಟಕ್ಕೆ ಕರೆಯುತ್ತೇನೆ. ಅಣಬೆರೋಗ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಮರ ಸೋಗೆ ಇಳಿಬಿಟ್ಟು, ಬುಡದಲ್ಲಿ ಕಂದು ರಸ ಸೋರಿ, ಕಡೆಗೆ ಬುಡಕ್ಕೆ ಅರಗು ಬಳಿದಂತೆ ಹೊಳೆಯುವ ಗಟ್ಟಿ ಅಣಬೆ ಕಾಣಿಸಿಕೊಳ್ಳುವ ಹೊತ್ತಿಗೆ ಮರ ಕೈಬಿಟ್ಟ ಹಾಗೆಯೇ. ಬೇರಿನಿಂದ ಬೇರಿಗೆ ಹೋಗುವುದರಿಂದ ಸುತ್ತ ಕಾಲುವೆ ತೆಗೆದು ಪಕ್ಕದ ಮರ ಉಳಿಸಿಕೊಳ್ಳಬೇಕು. ಕೃಷಿಯವರು ಹಂಚುವ ಕರಪತ್ರದಲ್ಲಿ ಇದಕ್ಕೆ ಕಾರಣ ಗ್ಯಾನೋಡರ್ಮಾ ಲೂಸಿಡಮ್ ಅಂತ ಬರೆದಿರುತ್ತದೆ. ಈಗ ಶಿವಮೊಗ್ಗದ ಔಷಧಿ ಅಂಗಡಿಯ ಗಾಜಿನ ಕಪಾಟು ನೋಡಿ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ದುಬಾರಿ ಬೆಲೆಗೆ ಮಾರುವ ಅಣಬೆ ಮಾತ್ರೆಯ ಡಬ್ಬಿಯ ಮೇಲೂ ಗ್ಯಾನೋಡರ್ಮಾ ಲೂಸಿಡಮ್ ಅಂತಲೇ ಇರುತ್ತದೆ. ತೋಟದವರೊಬ್ಬರು ನನಗೆ ಕೇಳಿದ್ದರು, "ಹ್ಯಾಗೂ ನಮ್ಮಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲ, ಅದನ್ನೇ ಒಣಗಿಸಿ ಮಾರಬಹುದಾ ಹಂಗಾದ್ರೆ?"

ಪ್ರಶ್ನೆ ನ್ಯಾಯವಾದದ್ದೇ. ಅದರಲ್ಲಿ ಲೂಸಿಡಮ್ ಅನ್ನುವ ಪ್ರಭೇದದ ಹೆಸರಿಟ್ಟದ್ದು 1781ರಲ್ಲಿ ಇಂಗ್ಲೆಂಡಿನ ಕರ್ಟಿಸ್, ಅಲ್ಲಿನ ಅಣಬೆಯೊಂದಕ್ಕೆ. ಆಮೇಲೆ ಜಗತ್ತಿನಲ್ಲಿ ಎಲ್ಲೆಲ್ಲಿ ಹೊಳೆಯುವ ಕೆಂಪುಕಂದು ಗಟ್ಟಿ ಅಣಬೆ ಕಂಡಿತೋ ಅಲ್ಲೆಲ್ಲ ಅದೇ ಹೆಸರು ಅಂಟಿಸುತ್ತ ಹೋದರು. ಚೀನಾದವರು ಸಾವಿರಾರು ವರ್ಷದಿಂದ ಔಷಧಿಗೆ ಬಳಸುವ ಲಿಂಗ್‌ಝಿ ಅದಲ್ಲ, ಬೇರೆ ಪ್ರಭೇದ ಅಂತ ತೋರಿಸಿ 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಅನ್ನುವ ಹೆಸರು ಕೊಟ್ಟರು. ಹಾಗಾಗಿ ಕರಪತ್ರದ ಹೆಸರೂ ಡಬ್ಬಿಯ ಹೆಸರೂ ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಅಲ್ಲ. ಅಡಿಕೆ ಮರದ ಬುಡದ್ದನ್ನು ಮಾತ್ರೆ ಮಾಡುವ ಆಲೋಚನೆ ಅಲ್ಲಿಗೆ ಬಿಟ್ಟೆವು.

ಕೊಳೆರೋಗದ ವಿಷಯಕ್ಕೆ ಬಂದರೆ ಇನ್ನೂ ದೊಡ್ಡ ಪಲ್ಲಟ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆಗೆ ಕಾರಣವಾದ ಜೀವಿಯನ್ನು ಗುರುತಿಸಿ ಫೈಟಾಫ್ತೊರಾ ಒಮ್ನಿವೊರಾದ ಅರೆಕೆ ಅನ್ನುವ ಬಗೆ ಅಂದರು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಹೇಳಿದವರೂ ಅವರೇ. 1913ರಲ್ಲಿ ಅದು ಫೈಟಾಫ್ತೊರಾ ಅರೆಕೆ ಆಯಿತು. ಈಗ ಸಾಮಾನ್ಯವಾಗಿ ಫೈಟಾಫ್ತೊರಾ ಮೀಡಿಯೈ ಅಂತ ಬರೆಯುತ್ತಾರೆ. ಇದು ಪ್ರಭೇದದ ಮಟ್ಟದ ಬದಲಾವಣೆ. ನಿಜವಾದ ಪಲ್ಲಟ ಅಂದರೆ ಫೈಟಾಫ್ತೊರಾ ಇಡೀ ಕುಲವೇ ಶಿಲೀಂಧ್ರಗಳ ಸಾಮ್ರಾಜ್ಯದಿಂದ ಹೊರಗೆ ಹೋದದ್ದು. ಅದರ ಜೀವಕೋಶದ ಗೋಡೆ ಸೆಲ್ಯುಲೋಸಿನದು, ಅಣಬೆಗಳಂತೆ ಕೈಟಿನ್‌ನದಲ್ಲ. ಅದರ ಬೀಜಕಗಳು ನೀರಿನ ಪೊರೆಯಲ್ಲಿ ಈಜುತ್ತವೆ, ಬಿಡದೆ ಸುರಿಯುವ ಮಳೆಯಲ್ಲೇ ಕೊಳೆ ಜಾಸ್ತಿ ಆಗುವುದಕ್ಕೆ ಅದೂ ಕಾರಣ. ನೆಂಟರು ಸಮುದ್ರದ ಕಂದು ಪಾಚಿಗಳು. ಇದರಿಂದ ತೋಟಕ್ಕೇನು ಅಂದರೆ, ಶಿಲೀಂಧ್ರನಾಶಕಗಳಲ್ಲಿ ಒಂದು ದೊಡ್ಡ ಗುಂಪು ಕೆಲಸ ಮಾಡುವುದು ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಅನ್ನುವ ವಸ್ತು ತಯಾರಾಗದಂತೆ ತಡೆದು. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಆ ಗುಂಪಿನ ಔಷಧಿ ಎಷ್ಟು ಹೊಡೆದರೂ ಕೊಳೆಗೆ ನಾಟುವುದಿಲ್ಲ. ತಾಮ್ರ ಇಬ್ಬರನ್ನೂ ಕೊಲ್ಲುತ್ತದೆ, ಹಾಗಾಗಿ ನೂರು ವರ್ಷ ಕಳೆದರೂ ಬೋರ್ಡೋ ನಡೆಯುತ್ತಿದೆ.

ಕೊಪ್ಪ, ಬಾಳೆಹೊನ್ನೂರು ಕಡೆಯ ಕಾಫಿ ತೋಟದವರೂ ಕೊಳೆರೋಗ ಅನ್ನುತ್ತಾರೆ. ಎಲೆ ಕಪ್ಪಾಗಿ ಕೊಳೆತು ಬಿಳಿ ನೂಲಿನಂಥದ್ದರಲ್ಲಿ ನೇತಾಡುತ್ತದೆ. ಅದು ನಿಜವಾದ ಶಿಲೀಂಧ್ರ, ಅದೂ ಅಣಬೆಗಳ ವಿಭಾಗದ್ದೇ. ಅಡಿಕೆಯ ಕೊಳೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. 1876ರಲ್ಲಿ ಇಂಗ್ಲೆಂಡಿನ ಮೊರ್ಡೆಕೈ ಕುಕ್ ಅದಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಅಂತ ಹೆಸರಿಟ್ಟರು, ಹೌದು, ನಮ್ಮ ಕೊಳೆರೋಗವೇ, ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಕೂತಿತು. 1958ರಲ್ಲಿ ಡಚ್ ವಿಜ್ಞಾನಿ ಡಾಂಕ್ ಒಂದು ಹೆಜ್ಜೆ ಮುಂದೆ ಹೋಗಿ ಕುಲಕ್ಕೇ ಕೊಳೆರೋಗ ಅಂತ ಕರೆದು, ಕೊಳೆರೋಗ ನಾಕ್ಸಿಯಾ ಅಂದರು. 1999ರಲ್ಲಿ ಅದನ್ನು ಸೆರಟೊಬೇಸಿಡಿಯಮ್ ಕುಲಕ್ಕೆ ಸಾಗಿಸಿದರು, ಈಚೆಗೆ ರೈಜೋಕ್ಟೋನಿಯಾ ಅನ್ನುವವರೂ ಇದ್ದಾರೆ. ಕೊಳೆರೋಗ ಅನ್ನುವ ಕುಲ ಈಗ ಪರ್ಯಾಯನಾಮಗಳ ಪಟ್ಟಿಯಲ್ಲಿದೆ. ಆದರೆ ನಿಯಮದ ಪ್ರಕಾರ ಸರಿಯಾಗಿ ಪ್ರಕಟವಾದ ಹೆಸರು ಅಳಿಸಿಹೋಗುವುದಿಲ್ಲ. ನಾಳೆ ಯಾರಾದರೂ ಆ ಪ್ರಭೇದ ಅಲ್ಲಿಗೆ ಸೇರಿದ್ದಲ್ಲ, ಅದಕ್ಕೆ ಪ್ರತ್ಯೇಕ ಕುಲವೇ ಬೇಕು ಅಂತ ತೋರಿಸಿದರೆ ಹೊಸ ಹೆಸರು ಹುಡುಕುವ ಕೆಲಸ ಇರುವುದಿಲ್ಲ, ಡಾಂಕ್ ಇಟ್ಟದ್ದನ್ನೇ ಎತ್ತಿಕೊಳ್ಳಬೇಕು.